ಗೋಡೆಯ ಮೇಲಿನ ಅಮೆರಿಕ

ಬಸ್ಸು ಬಂಗ್ಲಾ ಎಂಬ ಕೂಡುರಸ್ತೆ ದಾಟಿ ಹೆದ್ದಾರಿ ಹಿಡಿಯುವ ಹೊತ್ತಿಗೆ ವೈಜನಾಥ ತಾನು ಆಡಬೇಕಾದ ಮಾತನ್ನು ಏಳನೆಯ ಸಲ ತಿದ್ದಿಯಾಗಿತ್ತು. ಮೊದಲ ಸಲ ಅದು ಚೆನ್ನಾಗಿಯೇ ಇತ್ತು. ಮಕ್ಕಳು ನಕಲು ಮಾಡಿಲ್ಲ, ಆ ಉತ್ತರ ನಾನೇ ಬರೆಸಿದ್ದು, ಅದರಲ್ಲಿ ಒಂದು ಸುಳ್ಳು ಇದೆ, ಅದು ಸುಳ್ಳೆಂದು ಪರೀಕ್ಷೆಗೆ ಮೊದಲೇ ನನಗೆ ಗೊತ್ತಿತ್ತು. ನಾಲ್ಕೇ ತುಂಡು ಮಾತು. ಬಸವಕಲ್ಯಾಣದ ಬಸ್ ನಿಲ್ದಾಣದಲ್ಲಿ ನಿಂತು ಮನಸ್ಸಿನೊಳಗೆ ಹೇಳಿಕೊಂಡಾಗ ಎದೆ ಹಗುರಾಗಿತ್ತು, ತಾನು ಅಷ್ಟೇನೂ ಕೆಟ್ಟ ಮನುಷ್ಯನಲ್ಲ ಅನ್ನಿಸಿತ್ತು. ಕಿಟಕಿಯ ಪಕ್ಕ ಸೀಟು ಸಿಕ್ಕಿ, ಬಿಸಿಲು ಎಡಗೆನ್ನೆಯ ಮೇಲೆ ಬೀಳತೊಡಗಿದ ಮೇಲೆ ನಾಲ್ಕನೆಯ ತುಂಡು ಹೇಳಲಾಗದ್ದು ಅನ್ನಿಸಿತು. ಅದನ್ನು ಬಿಟ್ಟು ನೋಡಿದ, ಮೂರನೆಯದು ವಿಪರೀತ ಅನ್ನಿಸಿತು. ‘ಸುಳ್ಳು’ ಎಂಬುದನ್ನು ‘ಸಣ್ಣ ದೋಷ’ ಮಾಡಿದ. ಆಮೇಲೆ ‘ಇತ್ತೀಚೆಗೆ ತಿಳಿದುಬಂದಂತೆ’ ಎಂದು ಸೇರಿಸಿದ. ಏಳನೆಯ ಸಲಕ್ಕೆ ಅದು ಸರಕಾರಿ ಪತ್ರದ ಹಾಗೆ ಆಗಿ, ಅದನ್ನು ಆಡುವವನು ಯಾರೆಂದೇ ತಿಳಿಯದಂತಾಗಿತ್ತು. ಪಕ್ಕದಲ್ಲಿ ಕೂತ ರಾಜೇಶ್ವರದ ರೈತ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ. ವೈಜನಾಥನಿಗೆ ಅವನ ಮೇಲೆ ಕಾರಣವಿಲ್ಲದೆ ಸಿಟ್ಟು ಬಂತು.

ನಿನ್ನೆ ಬೆಳಿಗ್ಗೆ ಖುರ್ಷೀದ್ ಬೇಗಂ ಮನೆಯ ಮುಂದೆ ಬಂದು ನಿಂತಿದ್ದಳು. ಬಳೆಯ ಗಂಟು ತಲೆಯ ಮೇಲಿತ್ತು. ಹೆಂಡತಿ ಸುಂದರಬಾಯಿ ಎಂದಿನಂತೆ ಬಳೆ ತೊಡಿಸಲು ಬಂದಳೆಂದುಕೊಂಡು ಚಾಪೆ ಹಾಸಿದರೆ, ಅವಳು ಕೂರಲೂ ಇಲ್ಲ, ಗಂಟು ಇಳಿಸಲೂ ಇಲ್ಲ. “ಮಾಸ್ಟರ್ ಸಾಬ, ನಮ್ಮ ತಾಹೇರಾ ನಕಲ್ ಮಾಡೋ ಹುಡುಗಿ ಅಲ್ರಿ. ಎಲ್ಲಾ ಸಾಲಿದು ರಿಜಲ್ಟ್ ಬಂತು, ನಿಮ್ಮ ಸಾಲಿದಷ್ಟೇ ನಿಲ್ಲಿಸ್ಯಾರ. ಹುಡುಗಿ ಇನ್ನ ಮನ್ಯಾಗ ಕೂಡ್ಲಿ ಅಂತ ನಮ್ಮ ಅಣ್ಣ ದಿನಾ ಜಗಳ ತಗೀಲಾಕತ್ತಾನ. ಪಾಸಾದ ಕಾಗದ ಕೈಗಿ ಬಂದ್ರ ಅವನ ಬಾಯಿ ಮುಚ್ಚಸ್ತೀನಿ. ಬರಲಿಲ್ಲಂದ್ರ ನಾ ಏನ ಹೇಳ್ಲಿ?” ಅವಳು ಜೋರಾಗಿ ಮಾತಾಡಲಿಲ್ಲ. ಅದೇ ಕಷ್ಟವಾಗಿತ್ತು. “ನಾಳಿಗಿ ಹುಮನಾಬಾದಕ್ಕ ಹೊಂಟೇನಿ, ಎಲ್ಲಾ ಬಗಿಹರೀತದ, ಫಿಕರ್ ಮಾಡಬ್ಯಾಡ್ರಿ” ಎಂದಿದ್ದ ವೈಜನಾಥ. ಅವಳು ಹೋದ ಮೇಲೆ ಸುಂದರಬಾಯಿ ಬಾಗಿಲಲ್ಲೇ ನಿಂತು, “ಆ ಅಮೆರಿಕಾದ ಗೊಡವಿ ನಿಮ್ಗ ಯಾಕ ಬೇಕಾಗಿತ್ತು” ಎಂದಳು. ಎಂಟು ವರ್ಷಗಳಲ್ಲಿ ಅವಳು ಈ ಮಾತು ಎಷ್ಟು ಸಲ ಆಡಿದ್ದಳೋ. ಆದರೆ ಪ್ರತಿ ಸಲವೂ ನಗುತ್ತ ಆಡಿದ್ದಳು.

ಏಳನೇ ಇಯತ್ತೆಯ ಪಬ್ಲಿಕ್ ಪರೀಕ್ಷೆಯಲ್ಲಿ ಎರಡು ಅಂಕದ ಒಂದು ಪ್ರಶ್ನೆ ಬಂದಿತ್ತು. ಅಮೆರಿಕ ಖಂಡವನ್ನು ಕಂಡುಹಿಡಿದವರು ಯಾರು? ತಾಲೂಕಿನ ಮಕ್ಕಳೆಲ್ಲ ಕೊಲಂಬಸ್ ಎಂದು ಬರೆದು ಎರಡು ಅಂಕ ಗಿಟ್ಟಿಸಿಕೊಂಡಿದ್ದವು. ವೈಜನಾಥನ ಮೂವತ್ತೊಂದು ಮಕ್ಕಳು ಮಾತ್ರ ಹೀಗೆ ಬರೆದಿದ್ದವು: ‘ಕೊಲಂಬಸನಿಗಿಂತ ಸುಮಾರು ಐನೂರು ವರ್ಷ ಮೊದಲೇ ಉತ್ತರ ದೇಶದ ನಾವಿಕರು ಅಮೆರಿಕವನ್ನು ಮುಟ್ಟಿದ್ದರು. ಇದಕ್ಕೆ ಹಳೆಯ ನಕಾಶೆಯೇ ಸಾಕ್ಷಿ. ಕೊಲಂಬಸನು ದೊಡ್ಡವನು, ಆದರೆ ಮೊದಲಿನವನಲ್ಲ.’ ಮೂವತ್ತೊಂದು ಪತ್ರಿಕೆಗಳಲ್ಲೂ ಅವೇ ಮೂರು ವಾಕ್ಯ, ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಮೌಲ್ಯಮಾಪನದವರು ಕಟ್ಟನ್ನು ಎತ್ತಿ ಬೇರೆ ಇಟ್ಟರು. ಸಾಮೂಹಿಕ ನಕಲಿನ ಶಂಕೆ, ವಿಷಯ ಶಿಕ್ಷಕರು ಖುದ್ದಾಗಿ ಬಂದು ವಿವರಣೆ ಕೊಡತಕ್ಕದ್ದು ಎಂದು ಶಾಲೆಗೆ ಪತ್ರ ಬಂತು. ವೈಜನಾಥನಿಗೆ ಮೊದಲು ಬಂದದ್ದು ನಗು. ಈ ಕಡೆಯ ಶಾಲೆಗಳಲ್ಲಿ ಮಾಸ್ತರರು ಪ್ರಶ್ನೋತ್ತರ ಬರೆಸುತ್ತಾರೆ, ಮಕ್ಕಳು ಸಾಲಾಗಿ ಕೂತು ರಾಗವಾಗಿ ಒದರಿ ಬಾಯಿಪಾಠ ಮಾಡುತ್ತವೆ, ಪರೀಕ್ಷೆಯಲ್ಲಿ ಅದನ್ನೇ ಇಳಿಸುತ್ತವೆ. ಅಶೋಕನ ಮೇಲಿನ ಉತ್ತರವೂ ಮೂವತ್ತೊಂದು ಮಕ್ಕಳದು ಒಂದೇ, ಮಣ್ಣಿನ ಸವಕಳಿಯ ಮೇಲಿನದೂ ಒಂದೇ. ಸರಿಯುತ್ತರ ಎಲ್ಲರದೂ ಒಂದೇ ಆದರೆ ವಿದ್ಯೆ, ತಪ್ಪುತ್ತರ ಒಂದೇ ಆದರೆ ಕಳ್ಳತನ. ಈ ಮಾತನ್ನು ಹುಮನಾಬಾದದಲ್ಲಿ ಯಾರಾದರೂ ಮುಖದ ಮೇಲೆ ಹೇಳಬೇಕು ಎಂದುಕೊಂಡಿದ್ದ. ಹೇಳಬೇಕಾದವನು ತಾನೇ ಎಂದು ನೆನಪಾದಾಗ ನಗು ನಿಂತಿತು.

ಆ ನಕಾಶೆ ಅವನ ಕೈಗೆ ಸಿಕ್ಕಿದ್ದು ಗುಲಬರ್ಗಾದಲ್ಲಿ, ಅರವತ್ತಾರರ ಶಿಕ್ಷಕರ ತರಬೇತಿಯ ಹೊತ್ತಿಗೆ. ಗ್ರಂಥಾಲಯದಲ್ಲಿ ಒಂದು ಇಂಗ್ಲಿಷ್ ಸಚಿತ್ರ ಪತ್ರಿಕೆ ಬಿದ್ದಿತ್ತು. ನಾಲ್ಕು ದಿನ ಡಿಕ್ಷನರಿ ಹಿಡಿದು ಓದಿದ. ಚರ್ಮದ ದೋಣಿಯಲ್ಲಿ ಹೋದರೆನ್ನುವ ಐರ್ಲೆಂಡಿನ ಸನ್ಯಾಸಿಗಳ ಕಥೆ, ಅಣ್ಣತಮ್ಮಂದಿರ ಜಗಳಕ್ಕೆ ಬೇಸತ್ತು ಪಡುವಣಕ್ಕೆ ಹಡಗು ಹತ್ತಿದ ವೇಲ್ಸಿನ ರಾಜಕುಮಾರನ ಕಥೆ. ಇವಕ್ಕೆ ಆಧಾರವಿಲ್ಲ ಎಂದು ಪತ್ರಿಕೆಯೇ ಹೇಳಿತ್ತು. ಆದರೆ ಯುರೋಪಿನ ಉತ್ತರ ತುದಿಯ ನಾವಿಕರದು ಹಾಗಲ್ಲ. ಕೆನಡಾದ ಕಡಲಂಚಿನಲ್ಲಿ ನೆಲ ಅಗೆದಾಗ ಅವರ ಮನೆಗಳ ಪಾಯ ಸಿಕ್ಕಿದೆ, ಕಬ್ಬಿಣದ ಮೊಳೆ ಸಿಕ್ಕಿದೆ, ನೂಲುವ ಕದಿರಿಗೆ ಸಿಕ್ಕಿಸುವ ಒಂದು ಕಲ್ಲಿನ ಬಿಲ್ಲೆ ಸಿಕ್ಕಿದೆ. ಕದಿರಿದ್ದರೆ ನೂಲುವ ಹೆಂಗಸೂ ಬಂದಿರಬೇಕು. ಇಷ್ಟು ಸಣ್ಣಕ್ಷರದಲ್ಲಿತ್ತು. ಅದರ ಎದುರು ಪುಟದ ತುಂಬ, ಕಂದುಬಣ್ಣದ ತೊಗಲಿನ ಮೇಲೆ ಬರೆದ ಹಳೆಯ ನಕಾಶೆ, ಅದರ ಎಡಗಡೆ ಸಮುದ್ರದಲ್ಲಿ ಒಂದು ದೊಡ್ಡ ದ್ವೀಪ. ಕೊಲಂಬಸ್ ಹುಟ್ಟುವುದಕ್ಕೂ ಮೊದಲೇ ಯಾರೋ ಬರೆದಿಟ್ಟ ಅಮೆರಿಕ. ವೈಜನಾಥ ಎಣ್ಣೆಕಾಗದದ ಮೇಲೆ ಅದರ ಪಡಿಯಚ್ಚು ತೆಗೆದುಕೊಂಡ. ಊರಿಗೆ ಬಂದವನೇ ಏಳನೇ ಇಯತ್ತೆಯ ಹಿಂಗೋಡೆಯ ಮೇಲೆ, ಒಂದಾಳು ಎತ್ತರ, ಕೆಮ್ಮಣ್ಣಿನಲ್ಲಿ ನೆಲ, ಬಟ್ಟೆಗೆ ಹಾಕುವ ನೀಲಿಯಲ್ಲಿ ಸಮುದ್ರ ಬಳಿದ. ಪ್ರತಿ ವರ್ಷ ದೀಪಾವಳಿ ರಜೆಯಲ್ಲಿ ಮತ್ತೆ ಬಣ್ಣ ಹಚ್ಚುತ್ತಿದ್ದ. ಕದಿರಿನ ಬಿಲ್ಲೆಯನ್ನು ಗೋಡೆಯ ಮೇಲೆ ಬರೆದರೆ ಯಾರು ನೋಡುತ್ತಾರೆ? ಅದು ಚಕ್ಕಲಿಯ ಹಾಗೆ ಕಾಣುತ್ತದೆ. ಮಕ್ಕಳಿಗೆ ಕೊಟ್ಟ ಉತ್ತರದಲ್ಲೂ ಅದನ್ನು ಬಿಟ್ಟು ‘ನಕಾಶೆಯೇ ಸಾಕ್ಷಿ’ ಎಂದು ಬರೆಸಿದ್ದು ಅದಕ್ಕೇ. ಖರೆಯ ಸಾಕ್ಷಿಯನ್ನು ಬಿಟ್ಟು ಚಂದದ ಸಾಕ್ಷಿಯನ್ನು ಹಿಡಿದಿದ್ದ.

ಹಿಡಿಯುವುದಕ್ಕೆ ಕಾರಣವಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಅವನು ಓದಿದ್ದೆಲ್ಲ ಉರ್ದುವಿನಲ್ಲಿ, ನಿಜಾಮನ ಕಾಲದಲ್ಲಿ, ಹುಮನಾಬಾದದ ಶಾಲೆಯಲ್ಲಿ. ಇತಿಹಾಸವನ್ನು ‘ತಾರೀಖ್’ ಎಂದು ಕಲಿತವನು. ಐವತ್ತಾರರಲ್ಲಿ ಊರು ಮೈಸೂರು ರಾಜ್ಯಕ್ಕೆ ಸೇರಿ, ಕಲ್ಯಾಣಿ ಬಸವಕಲ್ಯಾಣವಾಗಿ, ಇನ್ನು ಮೇಲೆ ಕನ್ನಡದಲ್ಲಿ ಕಲಿಸಿ ಎಂದು ಆದೇಶ ಬಂದಾಗ ಅವನಿಗೆ ಮನೆಯ ಮಾತಿನ ಕನ್ನಡವಿತ್ತು, ಹಲಗೆಯ ಮೇಲಿನ ಕನ್ನಡವಿರಲಿಲ್ಲ. ಒಂದನೇ ಇಯತ್ತೆಯ ಪುಸ್ತಕವನ್ನು ಹಾಜರಿ ಪುಸ್ತಕದೊಳಗೆ ಮುಚ್ಚಿಟ್ಟುಕೊಂಡು ಒತ್ತಕ್ಷರ ಕಲಿತಿದ್ದ. ಇಪ್ಪತ್ತೆಂಟು ವರ್ಷದ ಮಾಸ್ತರ ಹಲಗೆಯ ಮೇಲೆ ‘ಸಾಮ್ರಾಜ್ಯ’ ಬರೆಯಲು ಹೋಗಿ ಸೀಮೆಸುಣ್ಣ ಹಿಡಿದು ನಿಂತುಬಿಟ್ಟಾಗ, ಮುಂದಿನ ಸಾಲಿನ ಒಂದು ಹುಡುಗಿ ಎದ್ದು ಬಂದು, ಒಂದು ಮಾತಾಡದೆ, ಕೆಳಗಿನ ಒತ್ತು ಹಾಕಿಕೊಟ್ಟು ಹೋಗಿ ಕೂತಿತ್ತು. ಅದು ನಕ್ಕಿದ್ದರೆ ಹೊಡೆದಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು. ಗೋಡೆಯ ಮೇಲೆ ಅಮೆರಿಕ ಬಂದ ದಿನ ಆ ಹಳೆಯ ಉರಿ ಆರಿತು. ಪುಸ್ತಕಕ್ಕೆ ಗೊತ್ತಿಲ್ಲದ್ದು, ಪುಸ್ತಕ ಬರೆದವರಿಗೆ ಗೊತ್ತಿಲ್ಲದ್ದು ತನಗೆ ಗೊತ್ತು. ಮಕ್ಕಳು ಬಾಯಿ ತೆರೆದು ನೋಡುತ್ತಿದ್ದವು. ಹೋಟೆಲಿನಲ್ಲಿ ಜನ ಅವನನ್ನು ‘ಅಮೆರಿಕಾ ಮಾಸ್ತರ’ ಎನ್ನುತ್ತಿದ್ದರು. ಅರ್ಧ ಕುಚೋದ್ಯವೆಂದು ಗೊತ್ತಿದ್ದರೂ ಅವನು ಉಳಿದರ್ಧವನ್ನು ಜೋಪಾನ ಮಾಡಿಕೊಂಡಿದ್ದ.

ಈ ವರ್ಷ ಫೆಬ್ರುವರಿಯಲ್ಲಿ ಅದೇ ಹೋಟೆಲಿನಲ್ಲಿ, ಅದೇ ಬೆಂಚಿನ ಮೇಲೆ ಕೂತು ಪೇಪರು ತಿರುವುತ್ತಿದ್ದಾಗ, ಒಳಪುಟದ ಕೆಳಮೂಲೆಯಲ್ಲಿ ಆರು ಸಾಲು ಕಂಡವು. ಕೊಲಂಬಸನಿಗಿಂತ ಹಳೆಯದೆಂದು ನಂಬಿದ್ದ ಪ್ರಸಿದ್ಧ ನಕಾಶೆಯ ಶಾಯಿಯಲ್ಲಿ ಈ ಶತಮಾನದಲ್ಲಿ ತಯಾರಾದ ಬಣ್ಣ ಸಿಕ್ಕಿದೆ, ನಕಾಶೆ ಖೋಟಾ ಇರಬಹುದು. ಅಷ್ಟೇ. ಕೆಳಗೆ ಬೀಜದ ಶೇಂಗಾದ ಜಾಹೀರಾತಿತ್ತು. ವೈಜನಾಥ ಚಹಾ ಕುಡಿದು ಮುಗಿಸಿದ. ಪೇಪರನ್ನು ಮಡಿಸಿ, ಇನ್ನೊಮ್ಮೆ ಮಡಿಸಿ, ಆ ಸುದ್ದಿ ಒಳಗೆ ಹೋಗುವ ಹಾಗೆ ಇಟ್ಟ. ಹಾಗೆ ಇಟ್ಟರೆ ಊರಿನಲ್ಲಿ ಇನ್ನಾರೂ ಓದುವುದಿಲ್ಲವೆಂಬಂತೆ. ಪರೀಕ್ಷೆಗೆ ಇನ್ನೂ ಆರು ವಾರವಿತ್ತು. ಒಂದು ಬೆಳಿಗ್ಗೆ ಸಾಕಿತ್ತು. ನೀವು ಬರೆದುಕೊಂಡ ಎರಡನೆಯ ವಾಕ್ಯ ಹೊಡೆದುಹಾಕಿ ಎಂದರೆ ಸಾಕಿತ್ತು. ಅವನ ಗುರುಗಳಾದ ಗಯಾಸುದ್ದೀನ್ ಸಾಹೇಬರು ಹಾಗೆ ಮಾಡಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಶೇರವಾನಿಯ ಗುಂಡಿ ಕುತ್ತಿಗೆಯವರೆಗೆ ಹಾಕಿಕೊಂಡು ಬಂದು, ಕುರ್ಚಿಯಲ್ಲಿ ಕೂರದೆ, ‘ನಿನ್ನೆ ನಾನು ಹೇಳಿದ್ದು ತಪ್ಪು, ಮನೆಗೆ ಹೋಗಿ ಓದಿದಾಗ ಗೊತ್ತಾಯಿತು, ಅಳಿಸಿಬಿಡಿ’ ಎಂದು ಉರ್ದುವಿನಲ್ಲಿ ಹೇಳಿ, ಎಲ್ಲರೂ ಅಳಿಸುವವರೆಗೆ ನಿಂತೇ ಇದ್ದರು. ಆ ದಿನ ಮಕ್ಕಳ್ಯಾರೂ ಅವರನ್ನು ಕಡಿಮೆ ಎಂದು ಎಣಿಸಲಿಲ್ಲ. ಇದನ್ನು ನೆನೆಸಿಕೊಂಡೇ ವೈಜನಾಥ ಮರುದಿನ ವರ್ಗಕ್ಕೆ ಹೋದ. ಹಿಂಗೋಡೆ ಕಂಡಿತು. ಎಪ್ಪತ್ತರಲ್ಲಿ ತಪಾಸಣೆಗೆ ಬಂದಿದ್ದ ಮಹಾರುದ್ರಪ್ಪ ಅದರ ಮುಂದೆ ನಿಂತು, “ಇಷ್ಟು ಮಂದಿ ಹೋಗ್ಯಾರಂದ್ರ ನಮ್ಮ ಕಲ್ಯಾಣದವರು ಯಾರೂ ಹೋಗಿದ್ದಿಲ್ಲೇನ್ರಿ ಮಾಸ್ತರ?” ಎಂದಿದ್ದೂ, ಮಾಸ್ತರರೆಲ್ಲ ಹೊಟ್ಟೆ ಹಿಡಿದು ನಕ್ಕಿದ್ದೂ ಕಿವಿಯಲ್ಲಿ ಬಂತು. ನಾಳೆ ಹೇಳೋಣ ಎಂದುಕೊಂಡು ಮಣ್ಣಿನ ಸವಕಳಿಯ ಪಾಠ ತೆಗೆದ. ಆರು ವಾರ ಮಣ್ಣು ಸವೆಯಿತು.

ಹುಮನಾಬಾದದ ನಿಲ್ದಾಣದಲ್ಲಿ ಇಳಿದಾಗ ಹತ್ತೂವರೆ. ಪರೀಕ್ಷೆಯ ಪತ್ರಿಕೆಗಳನ್ನಿಟ್ಟಿದ್ದ ಶಾಲೆಯವರೆಗೆ ನಡೆದೇ ಹೋದ. ಅಂಗಿಯ ಬೆನ್ನು ಒದ್ದೆಯಾಗಿತ್ತು. ಹೊರಗಿನ ಬೆಂಚು ತೋರಿಸಿದ ಸಿಪಾಯಿ ಸಿದ್ದಪ್ಪ, “ಸಾಹೇಬ್ರು ಕಟ್ಟು ಎಣಿಸಾಕತ್ತಾರ, ಕೂಡ್ರಿ” ಎಂದ. ಒಂದು ಗಂಟೆ ಕೂತ. ಒಳಗೆ ಹೋಗಿ ಬರುವ ಮಾಸ್ತರರಲ್ಲಿ ಇಬ್ಬರು ಪರಿಚಯದವರು. ಒಬ್ಬ ಕೈ ಎತ್ತಿ, ಆಮೇಲೆ ಯಾಕೆ ಬಂದಿದ್ದಾನೆಂದು ನೆನಪಾಗಿ ಕೈಯನ್ನು ತಲೆಗೂದಲಿಗೆ ಒಯ್ದ. ವೈಜನಾಥನಿಗೆ ಆ ಬೆಂಚಿನ ಮೇಲೆ, ನಲವತ್ತಾರನೇ ವಯಸ್ಸಿನಲ್ಲಿ, ನಕಲು ಮಾಡಿ ಸಿಕ್ಕಿಬಿದ್ದ ಹುಡುಗ ತಾನೇ ಎಂಬ ಭಾವನೆ ಬಂತು. ಬಾಯಾರಿಕೆಯಾಗಿತ್ತು. ಮಡಕೆ ಹತ್ತೇ ಹೆಜ್ಜೆಯಲ್ಲಿತ್ತು. ಎದ್ದು ಹೋದಾಗಲೇ ಕರೆದುಬಿಟ್ಟರೆ ಎಂದು ಏಳಲಿಲ್ಲ. ಮನಸ್ಸಿನಲ್ಲಿ ಮಾತನ್ನು ಮತ್ತೆ ಮೊದಲಿನ ರೂಪಕ್ಕೆ ತಂದ, ನಾಲ್ಕೂ ತುಂಡು, ನಾಲ್ಕನೆಯದೂ ಕೂಡ. ಮಕ್ಕಳಿಗೆ ಹೇಳಲಾಗದ್ದನ್ನು ಒಳಗೆ ಕೂತ ಮಹಾರುದ್ರಪ್ಪನಿಗಾದರೂ ಹೇಳಿದರೆ ಎಲ್ಲೋ ಒಂದು ಕಡೆ ಹೇಳಿದಂತಾಗುತ್ತದೆ. ಅದಕ್ಕಾಗಿ ಏನು ಶಿಕ್ಷೆ ಬಂದರೂ ಬರಲಿ. ಶಿಕ್ಷೆ ಬಂದರೆ ಒಳ್ಳೆಯದೇ ಎಂದೂ ಅನ್ನಿಸಿತು.

ಮಹಾರುದ್ರಪ್ಪ ಮೌಲ್ಯಮಾಪನದ ಮುಖ್ಯಸ್ಥ. ನಿರ್ಣಾ ಎಂಬ ಹಳ್ಳಿಯವನು, ಇದೇ ಹುಮನಾಬಾದದಲ್ಲಿ ಗಯಾಸುದ್ದೀನ್ ಸಾಹೇಬರ ಹತ್ತಿರವೇ ವೈಜನಾಥನಿಗಿಂತ ಎರಡು ವರ್ಷ ಮುಂದೆ ಓದಿದವನು. ಅವನು ದುಷ್ಟನಾಗಿದ್ದರೆ ಸುಲಭವಿತ್ತು. ವೈಜನಾಥ ಒಳಗೆ ಕಾಲಿಡುತ್ತಲೇ ಅವನು ಎದ್ದು ನಿಂತು, “ಬರ್ರಿ ಬರ್ರಿ ಮಾಸ್ತರ, ಬಿಸಿಲಾಗ ಬಂದೀರಿ, ಮೊದಲ ನೀರು ಕುಡೀರಿ” ಎಂದು ತನ್ನ ಹಿತ್ತಾಳೆಯ ಚೆಂಬನ್ನೇ ಮುಂದಕ್ಕೆ ತಳ್ಳಿದ. ವೈಜನಾಥ ಎತ್ತಿ ಕುಡಿದ, ಅರ್ಧ ಎದೆಯ ಮೇಲೆ ಚೆಲ್ಲಿಕೊಂಡ. ಮೇಜಿನ ಮೇಲೆ ಸುತಳಿ ಕಟ್ಟಿದ ಕಟ್ಟು ಇತ್ತು. ಮಹಾರುದ್ರಪ್ಪ ಅದನ್ನು ಬಿಚ್ಚಿ ಒಂದೊಂದೇ ಪತ್ರಿಕೆಯ ಆ ಪುಟ ತೆರೆದು ಹರಡಿದ. ಒಂದರ ಪಕ್ಕ ಒಂದು, ಒಂದರ ಮೇಲೆ ಒಂದು. ಗುಂಡಕ್ಷರ, ಓರೆಯಕ್ಷರ, ಶಾಯಿ ಕಲೆ ಬಿದ್ದದ್ದು. ಎಲ್ಲದರಲ್ಲೂ ಅವನದೇ ಮಾತು. ಎಲ್ಲದರ ಅಂಚಿಗೂ ಕೆಂಪು ಪೆನ್ಸಿಲಿನ ಸೊನ್ನೆ. ವೈಜನಾಥನಿಗೆ ನಾಚಿಕೆಯಾಗುವ ಮೊದಲು, ಒಂದು ಕ್ಷಣ, ಹೆಮ್ಮೆಯಾಯಿತು. ಒಂದು ಮಗುವೂ ಮರೆತಿರಲಿಲ್ಲ.

“ಇದು ನಕಲ್ ಅಲ್ಲ ಅಂತ ನನಗೂ ಗೊತ್ತದರಿ” ಎಂದ ಮಹಾರುದ್ರಪ್ಪ. “ನಿಮ್ಮ ಗೋಡಿ ನಾ ನೋಡೀನಲ್ಲ. ಆದರ ನಾ ಹೇಳಿದ್ರ ನಡೀತದೇನು? ಮ್ಯಾಲಿನವರಿಗಿ ಕಾಗದ ಬೇಕು. ನೀವು ಬರದು ಕೊಡ್ರಿ, ಇವತ್ತೇ ನಾ ಕಟ್ಟು ಬಿಡ್ತೀನಿ. ಎಂಟು ದಿನದಾಗ ರಿಜಲ್ಟ್ ಬರ್ತದ.”

“ಏನಂತ ಬರೀಲಿ?”

“ಪುಸ್ತಕದಾಗ ಇಲ್ಲದ್ದು ನಾನೇ ಕಲಿಸೀನಿ, ತಪ್ಪಾಗ್ಯಾದ ಅಂತ.”

“ತಪ್ಪು ಅದಲ್ರಿ ಸಾಹೇಬ್ರ.” ವೈಜನಾಥ ಕುರ್ಚಿಯ ತುದಿಗೆ ಬಂದ. “ಆ ಮಂದಿ ಬಂದಿದ್ದು ಖರೆ ಅದ. ನೆಲ ಅಗದು ಮನಿ ಪಾಯಾ ತಗದಾರ. ತಪ್ಪು ಇರೋದು ಬ್ಯಾರೆ ಕಡೆ. ನಕಾಶಾ ಅದಲ್ಲ, ಅದು ಖೋಟಾ ಅಂತ ಪೇಪರಿನ್ಯಾಗ ಬಂತು. ಅದು ಬಂದ ಮ್ಯಾಲ ನಾ...”

“ಅದೆಲ್ಲಾ ಯಾಕ್ರಿ ಈಗ?” ಮಹಾರುದ್ರಪ್ಪ ನಿಜಕ್ಕೂ ಕಳವಳದಿಂದ ಬಾಗಿಲ ಕಡೆ ನೋಡಿದ. “ಖೋಟಾ ಗೀಟಾ ಅಂತ ಬರದ್ರ ಅವರು ಬ್ಯಾರೆ ಚೌಕಸಿ ಶುರು ಮಾಡ್ತಾರ. ಖೋಟಾ ಯಾರು ಮಾಡಿದ್ರು, ನಿಮ್ಗ ಯಾವಾಗ ಗೊತ್ತಾಯ್ತು, ಯಾಕ ತಿಳಿಸಲಿಲ್ಲ. ದಸರಾ ತನಕ ಕಟ್ಟು ಇಲ್ಲೇ ಕೊಳೀತದ. ನಿಮ್ಮ ಮಕ್ಕಳು ಹೈಸ್ಕೂಲಿಗಿ ಹೋಗೋದು ಬ್ಯಾಡೇನು?”

“ಅದನ್ನೇ ಕೇಳ್ಲಿ ಅವರು. ಯಾಕ ತಿಳಿಸಲಿಲ್ಲ ಅಂತ ಕೇಳ್ಲಿ. ಅದೇ ನನ್ನ ತಪ್ಪು.”

“ಮಾಸ್ತರ” ಎಂದ ಮಹಾರುದ್ರಪ್ಪ, ಹಠ ಮಾಡುವ ಮನೆಯ ಹಿರಿಯರೊಡನೆ ಮಾತಾಡುವವನಂತೆ. “ನಿಮ್ಮ ತಪ್ಪು ನಿಮ್ಮ ಹಂತ್ಯಾಕ ಇರಲಿ. ನನಗ ಬೇಕಾದ ತಪ್ಪು ಬರದು ಕೊಡ್ರಿ.”

ಬಿಳಿ ಕಾಗದ ಬಂತು, ಚಹಾ ಬಂತು. ಮಹಾರುದ್ರಪ್ಪ ಹೇಳಿದ, ವೈಜನಾಥ ಬರೆದುಕೊಂಡ. ಇಪ್ಪತ್ತು ವರ್ಷ ತಾನು ಬರೆಸಿದವನು. ಕೈ ತಾನಾಗಿ ಓಡಿತು, ಒತ್ತಕ್ಷರ ಒಂದೂ ತಪ್ಪಲಿಲ್ಲ. ‘ಪಠ್ಯಪುಸ್ತಕಕ್ಕೆ ವಿರುದ್ಧವಾದ ವಿಷಯವನ್ನು ನಾನು ವಿದ್ಯಾರ್ಥಿಗಳಿಗೆ ಬರೆಸಿರುತ್ತೇನೆ. ಇದು ನನ್ನ ತಪ್ಪು ಗ್ರಹಿಕೆಯಿಂದ ಆಗಿರುತ್ತದೆ. ಅಮೆರಿಕ ಖಂಡವನ್ನು ಮೊಟ್ಟಮೊದಲು ಕಂಡುಹಿಡಿದವನು ಕೊಲಂಬಸನೇ ಎಂಬುದನ್ನು ನಾನು ಒಪ್ಪಿರುತ್ತೇನೆ.’ ಇಲ್ಲಿ ಅವನಿಗೆ ನಗು ಬಂತು, ಹಲ್ಲು ಕಚ್ಚಿ ತಡೆದ. ಬಸವಕಲ್ಯಾಣದ ಒಬ್ಬ ಪ್ರಾಥಮಿಕ ಶಾಲೆಯ ಮಾಸ್ತರನ ಒಪ್ಪಿಗೆ ಬರುವ ತನಕ ಕೊಲಂಬಸ್ ದಂಡೆಗಿಳಿಯದೆ ಹಡಗಿನಲ್ಲೇ ಕಾದು ಕೂತಿದ್ದನೇನೋ. ಅಲ್ಲಿ ಮೊದಲಿನಿಂದ ಮನೆ ಕಟ್ಟಿಕೊಂಡಿದ್ದ ಮಂದಿಯ ಒಪ್ಪಿಗೆಯನ್ನಂತೂ ಯಾರೂ ಕೇಳಿರಲಿಲ್ಲ. ಇದನ್ನು ವರ್ಗದಲ್ಲಿ ಹೇಳಬೇಕು ಎಂದು ಹಳೆಯ ಚಾಳಿಯಲ್ಲಿ ಅಂದುಕೊಂಡ. ಅಷ್ಟರಲ್ಲಿ ಮಹಾರುದ್ರಪ್ಪ ಮುಂದಿನ ವಾಕ್ಯ ಹೇಳುತ್ತಿದ್ದ, “ಇನ್ನು ಮುಂದೆ ಹೀಗೆ ಕಲಿಸುವುದಿಲ್ಲವೆಂದು ಈ ಮೂಲಕ... ಬರದ್ರೇನು?” ಬರೆದ. ಸಹಿ ಮಾಡಿದ. ಸುಳ್ಳು ತಪ್ಪೊಂದನ್ನು ಒಪ್ಪಿಕೊಂಡು ಖರೆ ತಪ್ಪನ್ನು ಹಾಗೆಯೇ ಜೇಬಿನಲ್ಲಿಟ್ಟುಕೊಂಡು ವಾಪಸು ಹೊರಟಿದ್ದೇನೆ ಎಂದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಮಹಾರುದ್ರಪ್ಪ ಕಾಗದಕ್ಕೆ ಗಾಳಿ ಹಾಕಿ ಶಾಯಿ ಒಣಗಿಸುತ್ತ, “ಎರಡು ಮಾರ್ಕ್ ಮಾತ್ರ ಹೋಗ್ತಾವ, ಅದಕ್ಕ ನಾ ಏನೂ ಮಾಡಲಿಕ್ಕ ಆಗಲ್ಲ. ಆದ್ರೂ ಯಾರೂ ನಾಪಾಸ್ ಆಗಲ್ಲ, ನಾ ನೋಡೀನಿ” ಎಂದ. ಹೊರಗೆ ಬರುವಾಗ ಹೆಗಲ ಮೇಲೆ ಕೈಯಿಟ್ಟು, “ಆ ಗೋಡಿಗಿ ಒಂದ್ ಕೈ ಸುಣ್ಣಾ ಹೊಡಸ್ರಿ” ಎಂದ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ತಿರುಗಿ ಬರುವ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ರಾಜೇಶ್ವರದವರೆಗೆ ಕಂಬಿ ಹಿಡಿದು ನಿಂತ. ಮಕ್ಕಳು ಪಾಸು, ಖುರ್ಷೀದ್ ಬೇಗಂಳಿಗೆ ಕೊಟ್ಟ ಮಾತು ಉಳಿಯಿತು, ಕೆಲಸಕ್ಕೂ ಧಕ್ಕೆಯಿಲ್ಲ. ಲೆಕ್ಕ ಹಾಕಿದರೆ ಎಲ್ಲವೂ ಸರಿಯಾಗಿತ್ತು. ಆದರೂ ಕಂಡಕ್ಟರ್ ಸರಿಯಿರಿ ಎಂದಾಗ ಅವನ ಮೇಲೆ ಹರಿಹಾಯ್ದ, ಬಸ್ಸಿನವರೆಲ್ಲ ತಿರುಗಿ ನೋಡಿದರು. ಯಾರಿಗಾದರೂ ಹೇಳಲೇಬೇಕಿತ್ತು. ಹೇಳಲೆಂದೇ ಹೊರಟವನನ್ನು, ಬಾಯಿ ತೆರೆದವನನ್ನು, ಅರ್ಧದಲ್ಲಿ ಚಹಾ ಕುಡಿಸಿ ಕಳಿಸಿಬಿಟ್ಟಿದ್ದರು. ಜನವರಿಯಲ್ಲಿ ತಾಹೇರಾ ಎದ್ದು ನಿಂತು, “ಪರೀಕ್ಷಾದಾಗ ಏನ ಬರೀಬೇಕ್ರಿ ಗುರೂಜಿ? ಪುಸ್ತಕದಾಗ ಕೊಲಂಬಸ್ ಅದಾನಲ್ರಿ” ಎಂದು ಕೇಳಿದ್ದು, ತಾನು ಎದೆಯುಬ್ಬಿಸಿ “ಖರೆ ಇದ್ದದ್ದು ಬರೀರಿ” ಎಂದದ್ದು ನೆನಪಾಯಿತು. ಆ ಹುಡುಗಿ ಯಾವುದನ್ನೂ ಸುಮ್ಮನೆ ನುಂಗುವವಳಲ್ಲ. ಆದರೂ ಪತ್ರಿಕೆಗಳ ಆ ರಾಶಿಯಲ್ಲಿ ಅವಳ ಚೂಪಾದ ಅಕ್ಷರವೂ ಇತ್ತು, ಅದೇ ಮೂರು ವಾಕ್ಯ. ಅವಳಿಗೇ ಹೇಳುತ್ತೇನೆ ಎಂದುಕೊಂಡ. ಬಂಗ್ಲಾ ದಾಟಿ ಊರಿನ ಕಡೆ ಬಸ್ಸು ಹೊರಳಿದಾಗ ಈ ಸಲ ಮಾತನ್ನು ತಿದ್ದಲಿಲ್ಲ.

ಇಳಿದವನು ಮನೆಗೆ ಹೋಗಲಿಲ್ಲ. ಬಿಸಿಲು ಇನ್ನೂ ಇತ್ತು. ಕೋಟೆಯ ಕಡೆಯ ಓಣಿಯಲ್ಲಿ ಖುರ್ಷೀದ್ ಬೇಗಂಳ ಮನೆ. ತಾಹೇರಾ ಹೊಸ್ತಿಲ ಒಳಗೆ ಕೂತು ಬಳೆಗಳನ್ನು ಅಳತೆ ನೋಡಿ ಡಜನ್ ಡಜನ್ ಮಾಡಿ ದಾರ ಕಟ್ಟುತ್ತಿದ್ದಳು. ಅವನನ್ನು ಕಂಡು ಓಢಣಿ ಸರಿಮಾಡಿಕೊಂಡು ಎದ್ದು ನಿಂತಳು. “ಎಂಟು ದಿನದಾಗ ರಿಜಲ್ಟ್ ಬರ್ತದ. ನಕಲ್ ಅಂತ ಹಾಕಿದ್ದು ತಗದಾರ. ಎಲ್ಲಾರೂ ಪಾಸ್” ಎಂದ. ಖುರ್ಷೀದ್ ಬೇಗಂ ಒಳಗಿನಿಂದ ಬಂದವಳು ಸೆರಗಿನಿಂದ ಮುಖ ಒರೆಸಿಕೊಂಡಳು, ಆಮೇಲೆ, “ಕೂಡ್ರಿ ಮಾಸ್ಟರ್ ಸಾಬ, ಚಾ ಇಡ್ತೀನಿ” ಎಂದು ಒಳಗೆ ಹೋದಳು. ವೈಜನಾಥ ಕಟ್ಟೆಯ ಮೇಲೆ ಕೂತ. ಹುಡುಗಿ ಮತ್ತೆ ಬಳೆಗಳ ಮುಂದೆ ಕೂತಳು.

“ತಾಹೇರಾ, ಒಂದ್ ಮಾತ ಹೇಳಬೇಕು. ಆ ಗೋಡಿ ಮ್ಯಾಲಿನ ನಕಾಶಾ ಅದಲ್ಲ, ಅದು ಖೋಟಾ ಅಂತ.”

ಅವಳು ಕೈಯಲ್ಲಿದ್ದ ದಾರಕ್ಕೆ ಗಂಟು ಹಾಕಿ, ತುದಿಯನ್ನು ಹಲ್ಲಿನಿಂದ ಕಡಿದಳು. “ಗೊತ್ತದರಿ ಗುರೂಜಿ.”

“ಏನ್ ಗೊತ್ತದ?”

“ಖೋಟಾ ಅಂತರಿ. ಅಮ್ಮೀ ಬಳಿ ಸುತ್ತಲಿಕ್ಕ ರದ್ದಿ ಪೇಪರ್ ತರ್ತಾಳಲ್ರಿ, ಅದರಾಗ ಇತ್ತು. ಉರ್ದು ಪೇಪರ್. ಹೋಳಿ ಹುಣ್ಣಿಮಿಗಿ ಮೊದಲೇ. ನಾ ಸಾಲಿಗಿ ತಂದು ಎಲ್ಲಾರಿಗಿ ಓದಿ ಹೇಳಿನ್ರಿ.”

“ಎಲ್ಲಾರಿಗಿ?”

“ಹೌದ್ರಿ. ಇಯತ್ತಾದಾಗ ಎಲ್ಲಾರಿಗಿ ಗೊತ್ತಿತ್ರಿ.”

ವೈಜನಾಥ ಅವಳ ಮುಂದೆ ಸಾಲಾಗಿದ್ದ ಹಸಿರು ಬಳೆಗಳನ್ನು ನೋಡಿದ. ಫೆಬ್ರುವರಿ ಮುಗಿದು ಮಾರ್ಚಿಡೀ, ಅವನು ಬೆನ್ನು ತಿರುಗಿಸಿ ಹಲಗೆಯ ಮೇಲೆ ಬರೆಯುತ್ತಿದ್ದಾಗ, ಮೂವತ್ತೊಂದು ಮಕ್ಕಳು ಗೊತ್ತಿದ್ದೂ ಸುಮ್ಮನೆ ಕೂತಿದ್ದವು. ಹಿಂಗೋಡೆಗೆ ಬೆನ್ನು ಮಾಡಿ, ಅವನ ಕಡೆ ಮುಖ ಮಾಡಿ. “ಮತ್ತ ಅದೇ ಯಾಕ ಬರದ್ರಿ?” ಎಂದ.

“ನಿಮ್ಗ ಗೊತ್ತಿಲ್ಲ ಅಂತ ತಿಳಕೊಂಡ್ವಿರಿ” ಎಂದಳು ತಾಹೇರಾ. ಹೇಳಬಾರದಿತ್ತೇನೋ ಎಂಬಂತೆ ದನಿ ಸಣ್ಣದಾಗಿತ್ತು. “ಎಲ್ಲಾರೂ ಕೂಡಿ ಮಾತಾಡಿದ್ವಿರಿ. ಗುರೂಜಿ ಎಷ್ಟು ವರ್ಷ ಆಯ್ತು ಬಣ್ಣಾ ಹಚ್ಚಾಕತ್ತಾರ, ಗೊತ್ತಾದ್ರ ಬ್ಯಾಸರಾಗ್ತದ, ಯಾರೂ ಹೇಳಬ್ಯಾಡ್ರಿ ಅಂದ ಏಕನಾಥ. ಒಬ್ರು ಬರದು ಒಬ್ರು ಬಿಟ್ರ ನಿಮ್ಗ ತಿಳೀತದ. ಅದಕ್ಕ ಎಲ್ಲಾರೂ ಅದೇ ಬರಿಯೂಣು, ಎರಡು ಮಾರ್ಕ್ ಹೋದ್ರ ಹೋಗ್ಲಿ ಅಂತ.”

ಒಳಗೆ ಸ್ಟೋವಿನ ಸದ್ದು ಕೇಳುತ್ತಿತ್ತು. ಇಲ್ಲಿಗೇ ಬಿಟ್ಟು ಏ‌ಳಬಹುದಿತ್ತು. ಅವಳೇ ದಾರಿ ಮಾಡಿಕೊಟ್ಟಿದ್ದಳು. ಗೊತ್ತಿಲ್ಲದೆ ಮೋಸ ಹೋದ, ಪಾಪದ ಗುರೂಜಿಯಾಗಿ ಈ ಕಟ್ಟೆಯಿಂದ ಎದ್ದು ಹೋದರೆ ಮೂವತ್ತೊಂದು ಮಕ್ಕಳ ಮನಸ್ಸಿನಲ್ಲಿ ಸಾಯುವ ತನಕ ಹಾಗೆಯೇ ಉಳಿಯುತ್ತಾನೆ. ಆ ಆಸೆ ಎಷ್ಟು ಜೋರಾಗಿತ್ತೆಂದರೆ ಅವನು ಎರಡೂ ಕೈಯಿಂದ ಕಟ್ಟೆಯ ಅಂಚು ಹಿಡಿದುಕೊಂಡ.

“ನನಗೂ ಗೊತ್ತಿತ್ತು” ಎಂದ. “ನಿಮ್ಮಕಿಂತ ಮೊದಲೇ ಗೊತ್ತಿತ್ತು. ನಾ ಹೇಳಲಿಲ್ಲ.”

ತಾಹೇರಾಳ ಕೈ ನಿಂತಿತು. ತಲೆಯೆತ್ತಿ ನೋಡಿದಳು. ಸಿಟ್ಟಿರಲಿಲ್ಲ, ಆಶ್ಚರ್ಯವೂ ಬಹಳ ಇರಲಿಲ್ಲ. ಅಪರಿಚಿತರು ಮನೆಗೆ ಬಂದಾಗ ಯಾರಿರಬಹುದೆಂದು ನೋಡುವ ಹಾಗೆ ನೋಡಿದಳು, ಕಣ್ಣು ತಗ್ಗಿಸಿದಳು. ಆ ನೋಟವನ್ನು ತಡೆಯಲಾರದೆ ವೈಜನಾಥ ಗಡಿಬಿಡಿಯಿಂದ ಮಾತಾಡತೊಡಗಿದ. ಬೆಳಿಗ್ಗೆ ಮಹಾರುದ್ರಪ್ಪನ ಎದುರು ಅರ್ಧಕ್ಕೆ ನಿಂತದ್ದೆಲ್ಲ ಈಗ ಒಟ್ಟಿಗೆ ಬಂತು. “ನಕಾಶಾ ಒಂದು ಸುಳ್ಳು ತಾಹೇರಾ, ಆದರ ಆ ಮಂದಿ ಬಂದಿದ್ದು ಸುಳ್ಳಲ್ಲ. ಅವರ ಮನಿ ಪಾಯಾ ಸಿಕ್ಕಾವ, ಮೊಳೆ ಸಿಕ್ಕಾವ. ನೂಲು ತಗಿಯೋ ಕದರಿಗಿ ಹಾಕ್ತಾರಲ್ಲ, ಕಲ್ಲಿನ ಬಿಲ್ಲಿ, ಅದೂ ಸಿಕ್ಕಾದ. ಒಬ್ಬಾಕಿ ಹೆಣಮಗಳು ಅಲ್ಲಿ ಕುಂತು ನೂಲು ತಗದಾಳ. ಅದನ್ನ ನಾ ನಿಮ್ಗ ಹೇಳಿದ್ದಿಲ್ಲ. ಅದು ಖರೆ ಅದ. ನಾ ಆಣಿ ಮಾಡಿ ಹೇಳ್ತೀನಿ, ಕೊಲಂಬಸನಕಿಂತ ಮೊದಲ ಅವರು ಅಲ್ಲಿಗಿ ಹೋಗಿದ್ರು.”

ತಾಹೇರಾ ಬಳೆಗಳನ್ನು ಮತ್ತೆ ಎಣಿಸತೊಡಗಿದ್ದಳು. ಎಣಿಸುತ್ತಲೇ, ಬಾಗಿಲಿಗೆ ಬಂದು ಹಳೆಯ ಕಥೆ ಹೇಳುವ ಮುದುಕರಿಗೆ ಹೂಂಗುಟ್ಟುವಷ್ಟು ಮೃದುವಾಗಿ, “ಹೌದ್ರಿ ಗುರೂಜಿ” ಎಂದಳು.